‘ಅಸಾಧಾರಣ ರಿಟ್’: ಇಲ್ಲಿ ‘ಅಸಾಧಾರಣ’ಕ್ಕೆ ಬೇರೆ ಪದವಿದೆಯೇ?

ಬಳಗದವರಿಗೆ ನಮಸ್ಕಾರ.

ಬೆಳಗಾವಿ ಕಡೆಯ ರೈತರಿಗಾಗಿ ಒಂದು ಕಾನೂನು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂವಿಧಾನದ 226ನೆಯ ವಿಧಿಯಡಿ ರಿಟ್ (ಸರ್ಕಾರಕ್ಕೆ, ಅಧಿಕಾರಿಗಳಿಗೆ ನ್ಯಾಯಾಲಯ ಕೊಡುವ ಆಜ್ಞೆ) ಹೊರಡಿಸುವ ಹೈಕೋರ್ಟಿನ ಅಧಿಕಾರವನ್ನು ಇಂಗ್ಲಿಷ್ ತೀರ್ಪುಗಳು ‘ಎಕ್ಸ್‌ಟ್ರಾಆರ್ಡಿನರಿ’ ಎನ್ನುತ್ತವೆ. ಅದನ್ನು ‘ಅಸಾಧಾರಣ’ ಎಂದು ಬರೆದರೆ, ಅಸಾಧಾರಣ ಪ್ರತಿಭೆ, ಅಸಾಧಾರಣ ಸಾಹಸ ಎಂದು ಓದಿ ರೂಢಿಯಾದವರಿಗೆ ಹೊಗಳಿಕೆಯಂತೆ ಕೇಳಿಸುತ್ತದೆ. ಕರಡು ಓದಿದ ಹಿರಿಯರೊಬ್ಬರು, “ಹಾಗಾದರೆ ಅಪೀಲಿಗಿಂತ ಇದೇ ಜೋರು. ನೇರವಾಗಿ ಧಾರವಾಡಕ್ಕೇ ಹೋದರಾಯಿತು” ಎಂದರು. ತಿಳಿಯಬೇಕಾದದ್ದು ಇದರ ತದ್ವಿರುದ್ಧ! (ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ ಎಂಬುದನ್ನೂ ಕೈಪಿಡಿಯಲ್ಲಿ ಬಿಡಿಸಿ ಹೇಳಬೇಕಾಗಿದೆ.)

ಸಾಧಾರಣ ದಾರಿ ಇಲ್ಲದಾಗ ಹಿಡಿಯುವ ದಾರಿ ಎಂಬುದೇ ಇಲ್ಲಿನ ಅರ್ಥ. ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಸೇರಿಸುವ ವಿಷಯದಲ್ಲಿ ನಮಗೆ ವಿರುದ್ಧವಾದ ಆದೇಶ ಬಂದಿದೆ ಎನ್ನೋಣ. ಕರ್ನಾಟಕ ಭೂಕಂದಾಯ ಕಾಯ್ದೆಯ 136ನೆಯ ಕಲಮಿನಂತೆ ಉಪವಿಭಾಗಾಧಿಕಾರಿಗೆ ಅಪೀಲು ಹೋಗಬಹುದು. ಅದನ್ನು ಬಿಟ್ಟು ರಿಟ್ ಹಾಕಿದರೆ, ‘ಪರ್ಯಾಯ ಪರಿಹಾರವಿದೆ’ ಎಂಬ ಒಂದೇ ಮಾತಿನ ಮೇಲೆ ಅರ್ಜಿ ಬಿದ್ದುಹೋಗಬಹುದು. ಹಾಗೆಂದು ಇದು ಕಬ್ಬಿಣದ ಕಟ್ಟಳೆಯಲ್ಲ. ಮೂಲಭೂತ ಹಕ್ಕಿಗೆ ಧಕ್ಕೆ, ಸಹಜ ನ್ಯಾಯದ ಉಲ್ಲಂಘನೆ (ನಮ್ಮ ಮಾತನ್ನೇ ಕೇಳದೆ ಆದೇಶ ಮಾಡಿದಂಥದು), ಅಧಿಕಾರವ್ಯಾಪ್ತಿಯೇ ಇಲ್ಲದ ಆದೇಶ, ಇಲ್ಲವೇ ಕಾಯ್ದೆಯ ಸಿಂಧುತ್ವದ ಪ್ರಶ್ನೆ ಇದ್ದಾಗ ಪರ್ಯಾಯ ಪರಿಹಾರ ಅಡ್ಡಿಯಾಗದೆಂದು ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ತೀರ್ಪಿನಲ್ಲಿ ಹೇಳಿದೆ.

ತಹಶೀಲ್ದಾರರು ಆದೇಶವನ್ನೇ ಮಾಡದೆ ಕಡತ ಹಿಡಿದು ಕುಳಿತರೆ ಮಾತು ಬೇರೆ. ಆಗ ಕೇಳುವುದು ಪರಮಾದೇಶ (ಮ್ಯಾಂಡಮಸ್), ಅಂದರೆ ಮಾಡಬೇಕಾದ ಕೆಲಸ ಮಾಡು ಎಂದು ಅಧಿಕಾರಿಗೆ ಆಜ್ಞಾಪಿಸುವ ರಿಟ್. ಅದಕ್ಕೂ ಮೊದಲು ಅರ್ಜಿದಾರನಿಗೆ ಕಾನೂನಿನ ಹಕ್ಕು, ಅಧಿಕಾರಿಗೆ ಕಾನೂನಿನ ಕರ್ತವ್ಯ ಇರಬೇಕು. ಸಾಮಾನ್ಯವಾಗಿ ಲಿಖಿತ ಮನವಿ ಕೊಟ್ಟು, ಅದು ತಿರಸ್ಕೃತವಾಗಿರಬೇಕು. ಬಹುಕಾಲದ ಮೌನವನ್ನೂ ತಿರಸ್ಕಾರವೆಂದು ಎಣಿಸುವುದುಂಟು. ಮನವಿಯ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಬಿದ್ದಿರಲಿ ಎಂದು ವಕೀಲರು ಹೇಳುವುದು ಇದಕ್ಕೇ.

ಅಮೆರಿಕದಲ್ಲೂ ಪದದ ಅರ್ಥ ಇದೇ. ಬೇರೆ ತಕ್ಕ ಉಪಾಯವಿರಬಾರದು, ಹಕ್ಕು ನಿರ್ವಿವಾದವಾಗಿರಬೇಕು, ಈ ಸಂದರ್ಭಕ್ಕೆ ರಿಟ್ ಉಚಿತವೆಂದು ನ್ಯಾಯಾಲಯಕ್ಕೂ ಅನ್ನಿಸಬೇಕು ಎಂಬುದು ಅಲ್ಲಿನ ಸುಪ್ರೀಂ ಕೋರ್ಟಿನ 2004ರ ಚೇನಿ ತೀರ್ಪು. ಆದರೆ ಅಲ್ಲಿ ಮೇಲ್ಮನವಿ ನ್ಯಾಯಾಲಯದ ರಿಟ್ ಹೋಗುವುದು ಹೆಚ್ಚಾಗಿ ಕೆಳಗಿನ ನ್ಯಾಯಾಧೀಶರ ಮೇಲೆ. ನಮ್ಮಲ್ಲಿ ಸಿವಿಲ್ ಕೋರ್ಟಿನ ನ್ಯಾಯಿಕ ಆದೇಶವನ್ನು ಪ್ರಶ್ನಿಸಲು 227ನೆಯ ವಿಧಿಯೇ (ಕೆಳಗಿನ ನ್ಯಾಯಾಲಯಗಳ ಮೇಲೆ ಹೈಕೋರ್ಟಿನ ಮೇಲ್ವಿಚಾರಣೆಯ ಅಧಿಕಾರವೇ) ಗತಿ ಎಂದು 2015ರಲ್ಲಿ ತೀರ್ಮಾನವಾಗಿದೆ.

ಇನ್ನು ಪದಗಳು. ‘ವಿಶೇಷ’ ಎಂದರೆ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿಯೊಡನೆ ಗೊಂದಲವಾಗುತ್ತದೆ. ‘ಅಪವಾದಾತ್ಮಕ’ ಶಾಸ್ತ್ರಕ್ಕೆ ಸರಿ, ಆದರೆ ಜನರ ಬಾಯಲ್ಲಿ ಅಪವಾದವೆಂದರೆ ಹೊರಿಸಿದ ದೂರು. ‘ಅನನ್ಯಗತಿಕ’ (ಬೇರೆ ಗತಿಯಿಲ್ಲದ) ಅರ್ಥಕ್ಕೆ ಬಹಳ ಹತ್ತಿರ, ಓದುಗರಿಗೆ ಅಷ್ಟೇ ದೂರ. ಸದ್ಯಕ್ಕೆ ‘ಕಡೆಯ ಉಪಾಯದ ರಿಟ್’ ಎಂದು ಬರೆದಿಟ್ಟಿದ್ದೇನೆ. ಆದರೆ ಬಂದೀ ಪ್ರತ್ಯಕ್ಷೀಕರಣಕ್ಕೆ (ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ರಿಟ್‌ಗೆ) ಆ ಹೆಸರು ಹೊಂದುವುದಿಲ್ಲ. ಅಕ್ರಮವಾಗಿ ಹಿಡಿದಿಟ್ಟ ಮನುಷ್ಯನ ವಿಷಯದಲ್ಲಿ ಆ ರಿಟ್ ಎಷ್ಟೋ ಸಲ ಮೊದಲ ಉಪಾಯವೇ.

ಕನ್ನಡದಲ್ಲಿ ವಾದ ಮಾಡುವ, ತೀರ್ಪು ಬರೆಯುವ ಬಳಕೆಯುಳ್ಳವರು ನಿಮ್ಮಲ್ಲಿದ್ದರೆ ಇಲ್ಲಿ ಯಾವ ಪದ ಬಳಸುತ್ತೀರಿ, ತಿಳಿಸಿ.