‘ಹಾಡುಗಬ್ಬ’ ಅಂದರೆ ನಡೆದೀತೇ?

ಲಿಥುವೇನಿಯದ ಗಾಯಕ ವೀತೌತಸ್ ಕೆರ್ನಾಗಿಸ್ (1951–2008) ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ನಿಂತುಬಿಟ್ಟಿದೆ. (ಅವರ ಭಾಷೆಯ ‘ತ’ ನಮ್ಮದರಂತೆಯೇ ಹಲ್ಲಿಗೆ ತಾಗುತ್ತದೆ, ಅದಕ್ಕೇ ‘ವೀಟೌಟಸ್’ ಅಂತ ಬರೆದಿಲ್ಲ.)

ಅವರು ಕಲಿತದ್ದು ನಟನೆ. ಸಿನಿಮಾದಲ್ಲಿ ಪಾತ್ರ ಮಾಡಿದರು, ನಿರ್ದೇಶನ ಮಾಡಿದರು, ಟೀವಿ ಕಾರ್ಯಕ್ರಮ ನಡೆಸಿಕೊಟ್ಟರು. ಆದರೂ ಅಲ್ಲಿನವರು ಅವರನ್ನು ಜಾಸ್ತಿ ನೆನೆಯುವುದು ‘ದಾಯ್ನುವೊಯಮೊಯಿ ಪೊಯೆಜಿಯಾ’ಕ್ಕಾಗಿ. ಅಂದರೆ ಹಾಡುವ ಕವಿತೆ. ಕೈಯಲ್ಲೊಂದು ಗಿಟಾರು, ಬಾಯಲ್ಲಿ ಒಳ್ಳೆಯ ಕವಿಯ ಸಾಲು. ಸೋವಿಯತ್ ಕಾಲದಲ್ಲಿ ಲಿಥುವೇನಿಯದಲ್ಲಿ ಇದಕ್ಕೆ ದಾರಿ ಮಾಡಿದವರಲ್ಲಿ ಇವರೇ ಮೊದಲಿಗರು. ಇವತ್ತೂ ಅಲ್ಲಿ ಗಿಟಾರು ಹಿಡಿದು ಕವಿತೆ ಹಾಡುವವರು ತಮ್ಮ ಹಾಡಿಗೆ ಅದೇ ಹೆಸರು ಹೇಳುತ್ತಾರೆ. ಹಾಗಾಗಿ ಲೇಖನದ ಉದ್ದಕ್ಕೂ ಈ ಪದ ಬೇಕಾಗುತ್ತದೆ.

‘ಸುಗಮ ಸಂಗೀತ’ ಅನ್ನಬಹುದಲ್ವಾ ಅಂತ ನೀವು ಕೇಳಬಹುದು. ಕವಿತೆಯನ್ನು ಹಾಡುವುದು ಎರಡರಲ್ಲೂ ಇದೆ, ನಿಜ. ಆದರೆ ಆ ಹೆಸರು ಸಂಗೀತದ ಕಡೆಗೆ ವಾಲುತ್ತದೆ. ಕೇಳಿದ ಕೂಡಲೇ ಹಾರ್ಮೋನಿಯಂ, ತಬಲಾ, ಕೊಳಲು ಕಣ್ಣಮುಂದೆ ಬರುತ್ತವೆ. ಕೆರ್ನಾಗಿಸ್ ಅವರಲ್ಲಿ ಮಾತು ಮುಂದೆ, ರಾಗ ಅದರ ಹಿಂದೆ.

‘ಭಾವಗೀತೆ’ಯೂ ಹೊಂದುವುದಿಲ್ಲ. ಕವಿ ಮಾರ್ತ್ಸೆಲಿಯುಸ್ ಮಾರ್ತಿನಾಯ್ತಿಸ್ ಬರೆದ ಕುಕುತಿಸನ ಲಾವಣಿಗಳನ್ನೇ ನೋಡಿ. ಪುಸ್ತಕ ಬಂದದ್ದು 1977ರಲ್ಲಿ. ಕುಕುತಿಸ್ ಹಳ್ಳಿಯ ರೈತ. ಪೆದ್ದನ ಹಾಗೆ ಕಾಣುತ್ತಾನೆ, ಆದರೆ ಬೇರೆಯವರು ಬಾಯಿಬಿಟ್ಟು ಹೇಳಲಾಗದ್ದನ್ನು ಸಲೀಸಾಗಿ ಹೇಳಿಬಿಡುತ್ತಾನೆ. ಅಲ್ಲಿರುವುದು ಕಥೆ ಮತ್ತು ಪಾತ್ರ. ಕೆರ್ನಾಗಿಸ್ ಹಾಡುವಾಗ ನಟನ ಕಸುಬು ಕೆಲಸಕ್ಕೆ ಬರುತ್ತದೆ, ಕುಕುತಿಸನೇ ಎದುರು ಬಂದು ನಿಂತ ಹಾಗಾಗುತ್ತದೆ. ಇದನ್ನು ಭಾವಗೀತೆ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ‘ಗಮಕ’ವಂತೂ ಹಳೆಯ ಕಾವ್ಯಕ್ಕೇ ಅಂಟಿಕೊಂಡಿದೆ.

ಕಾವ್ಯದ ಲಕ್ಷಣ ಹೇಳುವ ಹಳಗನ್ನಡ ಗ್ರಂಥ, ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ‘ಪಾಡುಗಬ್ಬ’ (ಪಾಡು ಅಂದರೆ ಹಾಡು, ಕಬ್ಬ ಅಂದರೆ ಕಾವ್ಯ) ಅನ್ನುವ ಪದ ಇದೆಯಲ್ಲ, ಅದು ನನಗೆ ತುಂಬಾ ಹಿಡಿಸಿದೆ. ಹೊಸಗನ್ನಡಕ್ಕೆ ತಂದರೆ ‘ಹಾಡುಗಬ್ಬ’. ಲಿಥುವೇನಿಯನ್ ಹೆಸರಿನ ಹಾಗೆಯೇ ಹಾಡೂ ಕವಿತೆಯೂ ಒಂದೇ ಹೆಸರಿನೊಳಗೆ ಕೂತಿವೆ.

ಎರಡು ಅನುಮಾನಗಳಿವೆ. ನಾಗವರ್ಮ ಹೇಳಿದ್ದು ಒಂದು ನಿರ್ದಿಷ್ಟ ಕಾವ್ಯಪ್ರಕಾರ. ಅದನ್ನು ಗಿಟಾರಿನ ಹಾಡಿಗೆ ಎಳೆದು ತಂದರೆ ಹಳಗನ್ನಡ ಓದಿದವರಿಗೆ ಗೊಂದಲ ಆದೀತೇ? ಇನ್ನೊಂದು, ‘ಕಬ್ಬ’ ಗೊತ್ತಿಲ್ಲದ ಓದುಗರಿಗೆ ‘ಗಬ್ಬು’ ನೆನಪಾದರೆ? ಹಾಗಿದ್ದರೆ ‘ಹಾಡುಗವಿತೆ’ ಮೇಲೇ? ಈ ಎರಡರಲ್ಲಿ ಯಾವುದನ್ನಾದರೂ ನೀವು ಈಚಿನ ಬರವಣಿಗೆಯಲ್ಲಿ ಕಂಡಿದ್ದರೆ, ಎಲ್ಲಿ, ಯಾವ ಅರ್ಥದಲ್ಲಿ ಅಂತ ದಯವಿಟ್ಟು ತಿಳಿಸಿ.