ಡಿಸೆಂಬರ್‌ನಲ್ಲಿ ಬ್ಯಾಟರಿ ಬೆಳಗಿನ ಜಾವ ನಾಲ್ಕಕ್ಕೇ ಖಾಲಿ, ತಪ್ಪು ಯಾರದು?

ಹಂಡೆ_ಒಲೆ

ನಮಸ್ಕಾರ. ಕೊಪ್ಪದ ಹತ್ತಿರ ನಮ್ಮ ಮನೆ. ಈ ಮಾರ್ಚ್‌ನಲ್ಲಿ ಸೋಲಾರ್ ಹಾಕಿಸಿದೆವು. 550 ವ್ಯಾಟಿನ ಆರು ಪ್ಯಾನಲ್, ಅಂದರೆ 3.3 ಕಿಲೋವ್ಯಾಟ್. 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್, ಪ್ಯಾನಲ್, ಬ್ಯಾಟರಿ, ಲೈನ್ ಕರೆಂಟ್ ಮೂರನ್ನೂ ಸಂಭಾಳಿಸುವಂಥದ್ದು. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ ಒಂದು. ಹೆಚ್ಚಾದ ಕರೆಂಟನ್ನು ಲೈನಿಗೆ ಕೊಡಲು ನೆಟ್ ಮೀಟರ್ ಇದೆ, ಆದರೆ ಗಾಳಿ ಮಳೆಗೆ ಕರೆಂಟ್ ಹೋದರೆ ಎರಡು ದಿನ ತಿರುಗಿ ನೋಡದ ಊರು ನಮ್ಮದು. ಅದಕ್ಕೇ ಬ್ಯಾಟರಿ.

ಏಪ್ರಿಲ್‌ನಲ್ಲಿ ದಿನಕ್ಕೆ 13–14 ಯೂನಿಟ್ ಬರುತ್ತಿತ್ತು. ಜುಲೈನಲ್ಲಿ ನಾಲ್ಕಕ್ಕೆ ಬಿತ್ತು, ಕೆಲವು ದಿನ ಎರಡೂ ಇಲ್ಲ. ಅದು ಗೊತ್ತಿದ್ದದ್ದೇ, ಮಲೆನಾಡಿನ ಮಳೆಗೆ ಸೋಲಾರ್ ಪಾಪ ಏನು ಮಾಡೀತು. ಆದರೆ ಈಗ ಡಿಸೆಂಬರ್. ಮೊದಲ ವಾರ ಫೆಂಗಲ್ ಚಂಡಮಾರುತದ ಮೋಡ ಇತ್ತು, ಒಪ್ಪಿದೆ, ಅಂಗಳದ ಅಡಿಕೆಯೂ ನೆನೆಯಿತು. ಆಮೇಲಿನ ಹತ್ತು ದಿನ ಆಕಾಶ ತೊಳೆದಿಟ್ಟ ಹಾಗಿದೆ, ಆದರೂ 9 ಯೂನಿಟ್ ದಾಟುತ್ತಿಲ್ಲ.

ದೊಡ್ಡ ತಲೆನೋವು ಬ್ಯಾಟರಿದು. ಸಂಜೆ ಆಪ್‌ನಲ್ಲಿ 85–90 ತೋರಿಸುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ 10ಕ್ಕೆ ಇಳಿದು ಕಟ್. ಏಪ್ರಿಲ್‌ನಲ್ಲಿ ರಾತ್ರಿಯಿಡೀ ಎರಡು ಫ್ಯಾನ್ ಓಡಿದರೂ ಬೆಳಿಗ್ಗೆ 40 ಉಳಿದಿರುತ್ತಿತ್ತು. ಈಗ ಫ್ಯಾನೂ ಇಲ್ಲ! ಗೀಸರ್ ಅಂತೂ ನಮ್ಮಲ್ಲಿ ಇಲ್ಲವೇ ಇಲ್ಲ, ಸ್ನಾನಕ್ಕೆ ಹಂಡೆ. ಹಾಕಿಕೊಟ್ಟವರನ್ನು ಕೇಳಿದರೆ "ಚಳಿಗೆ ಬ್ಯಾಟರಿ ಹಾಗೇ ಸಾರ್, ಇನ್ನೊಂದು ಹಾಕಿಸಿಬಿಡಿ" ಅಂತಾರೆ. ಇನ್ನೊಂದು ಅಂದರೆ ಸುಮ್ನೆ ಮಾತಾ? ಒಂಬತ್ತೇ ತಿಂಗಳಿಗೆ ಬ್ಯಾಟರಿ ಸೊರಗಿತಾ, ಅಥವಾ ನಾನೇ ಏನೋ ತಪ್ಪು ನೋಡುತ್ತಿದ್ದೀನಾ?

ವೋಲ್ಟ್_ಮಾಮ

ಇನ್ನೊಂದು ಬ್ಯಾಟರಿ ಈಗ ಬೇಡ. ಚಳಿಗೆ ಹಾಗೇ ಅನ್ನೋದು ಹಳೆ ಲೆಡ್ ಆಸಿಡ್ ಕಾಲದ ಮಾತು, ಅದಕ್ಕಾದರೆ ಚಳಿಯಲ್ಲಿ ಕೆಪಾಸಿಟಿ ಇಳಿಯುತ್ತದೆ. ನಿಮ್ಮದು ಲಿಥಿಯಂ ಐರನ್ ಫಾಸ್ಫೇಟ್. ಅದಕ್ಕೆ ತೊಂದರೆ ಶುರುವಾಗೋದು ಸೊನ್ನೆ ಡಿಗ್ರಿ ಹತ್ತಿರ. ಕೊಪ್ಪದ ಚಳಿ ಅದಕ್ಕೆ ಚಳಿಯೇ ಅಲ್ಲ.

ಪ್ಯಾನಲ್ ವಿಷಯಕ್ಕೆ ಬಂದರೆ ಚಳಿ ಒಳ್ಳೆಯದೇ. ಪ್ಯಾನಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಕಡಿಮೆ ಕೊಡುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ 60 ಡಿಗ್ರಿ ಕಾದಿದ್ದರೆ ಶೇ. 12 ಅಲ್ಲೇ ಹೋಯಿತು. ಹಾಗಾಗಿ ಡಿಸೆಂಬರ್‌ನಲ್ಲಿ ಹಗಲು ಸ್ವಲ್ಪ ಚಿಕ್ಕದಾದರೂ, ಬಿಸಿಲು ಓರೆಯಾದರೂ, ಇಷ್ಟೊಂದು ಬೀಳಬಾರದು. ಪಿವಿಜಿಐಎಸ್ ಅಂತ ಯುರೋಪಿಯನ್ ಕಮಿಷನ್‌ನವರ ಉಚಿತ ಲೆಕ್ಕಾಚಾರ ಇದೆ, ನಮ್ಮ ದೇಶಕ್ಕೂ ಸಿಗುತ್ತದೆ. ನಿಮ್ಮ ಊರು, ಪ್ಯಾನಲ್ ಓರೆ, ದಿಕ್ಕು ಕೊಟ್ಟರೆ ತಿಂಗಳು ತಿಂಗಳಿನ ಅಂದಾಜು ಕೊಡುತ್ತದೆ. ಡಿಸೆಂಬರ್‌ಗೆ ಎಷ್ಟಿದೆ ನೋಡಿ.

ಆಮೇಲೆ ದಿನದ ಒಟ್ಟು ಯೂನಿಟ್ ನೋಡೋದು ಬಿಡಿ, ಗ್ರಾಫಿನ ಆಕಾರ ನೋಡಿ. ತಿಳಿ ಆಕಾಶದ ದಿನ ಅದು ಮಗುಚಿಟ್ಟ ಬಾಣಲೆ ಹಾಗೆ ನುಣ್ಣಗಿರಬೇಕು. ಎಲ್ಲಿ ಹಲ್ಲು ಬಿದ್ದಿದೆಯೋ ಅಲ್ಲೇ ಕಳ್ಳ. ಕರೆಂಟ್ ಇಲ್ಲದ ದಿನಗಳನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಬ್ಯಾಟರಿ ತುಂಬಿ, ಗ್ರಿಡ್ಡೂ (ಲೈನ್ ಕರೆಂಟೂ) ಇಲ್ಲದಿದ್ದರೆ ಪ್ಯಾನಲ್ ಎಷ್ಟೇ ಬಿಸಿಲಿದ್ದರೂ ಕೈಕಟ್ಟಿ ಕೂರುತ್ತದೆ. ಆ ದಿನದ ಕಡಿಮೆ ಯೂನಿಟ್ ಪ್ಯಾನಲ್‌ನ ತಪ್ಪಲ್ಲ.

ಬ್ಯಾಟರಿಯ ಪರ್ಸೆಂಟೇಜನ್ನು ದೇವರ ಮಾತು ಅಂತ ನಂಬಬೇಡಿ. ಈ ಬ್ಯಾಟರಿಯ ವೋಲ್ಟೇಜ್ ನಡುವೆಲ್ಲಾ ಚಪ್ಪಟೆ, 30ಕ್ಕೂ 70ಕ್ಕೂ ಹೆಚ್ಚು ವ್ಯತ್ಯಾಸವೇ ಕಾಣದು. ಹಾಗಾಗಿ ಒಳಗೆ ಹೋದ ಆಂಪಿಯರ್, ಹೊರಗೆ ಬಂದ ಆಂಪಿಯರ್ ಎಣಿಸಿಕೊಂಡು ಅಂದಾಜು ಹೇಳುತ್ತದೆ. ಪೂರ್ತಿ 100 ಮುಟ್ಟಿದಾಗ ಮಾತ್ರ ಆ ಎಣಿಕೆ ಸರಿಹೋಗೋದು. ನಿಮ್ಮದು ವಾರಗಟ್ಟಲೆ ತುಂಬೇ ಇಲ್ಲ, ಅಂದರೆ ಎಣಿಕೆ ತಪ್ಪಿರಲೂಬಹುದು. ಒಂದು ದಿನ ಗ್ರಿಡ್‌ನಿಂದಲೇ 100 ತುಂಬಿಸಿ, ಎರಡು ಮೂರು ಗಂಟೆ ಹಾಗೇ ಬಿಡಿ. ಸಂಜೆ ಸೋಲಾರ್ ನಿಂತ ಮೇಲೆ ಬ್ಯಾಟರಿ ಎಷ್ಟು ಯೂನಿಟ್ ಕೊಟ್ಟು 10ಕ್ಕೆ ಬಂತು ಬರೆದುಕೊಳ್ಳಿ. ನಾಲ್ಕರ ಮೇಲೆ ಕೊಟ್ಟರೆ ಬ್ಯಾಟರಿ ಗಟ್ಟಿಮುಟ್ಟು.

ಕಾಳುಮೆಣಸು

ನಾನು ಸಕಲೇಶಪುರದ ಕಡೆಯವನು. ಇದೇ ಕತೆ ನಂದೂ ಎರಡು ವರ್ಷದ ಹಿಂದೆ. ಒಂದೇ ಪ್ರಶ್ನೆ: ಮನೆಯ ಆಗ್ನೇಯಕ್ಕೆ ಮರ ಇದೆಯಾ?

ಮಾರ್ಚ್ ಏಪ್ರಿಲ್‌ನಲ್ಲಿ ಹಾಕಿಸುವವರೆಲ್ಲಾ ಬೀಳುವ ಹಳ್ಳ ಇದು. ಏಪ್ರಿಲ್ ಕೊನೆಗೆ ನಮ್ಮ ಕಡೆ ಸೂರ್ಯ ನೆತ್ತಿ ಮೇಲೇ ಇರುತ್ತಾನೆ, ಯಾವ ಮರದ ನೆರಳೂ ಬುಡ ಬಿಟ್ಟು ಹೋಗುವುದಿಲ್ಲ. ಡಿಸೆಂಬರ್‌ಗೆ ದಕ್ಷಿಣಕ್ಕೆ ಸರಿದು ಮಟಮಟ ಮಧ್ಯಾಹ್ನವೂ 53 ಡಿಗ್ರಿಗೆ ನಿಂತುಬಿಡುತ್ತಾನೆ. ಅಂದರೆ 10 ಮೀಟರ್ ಮರಕ್ಕೆ ಮಧ್ಯಾಹ್ನವೇ ಏಳೂವರೆ ಮೀಟರ್ ನೆರಳು, ಬೆಳಿಗ್ಗೆ ಒಂಬತ್ತೂವರೆಗೆ ಮರದ ಒಂದೂವರೆ ಪಟ್ಟು. ನೆರಳು ಪ್ಯಾನಲ್‌ನ ಒಂದು ಮೂಲೆಗೆ ಬಿದ್ದರೂ ಅಷ್ಟೇ ಹೋಗೋದು ಅಂದುಕೊಳ್ಳಬೇಡಿ, ಆ ಸಾಲಿನ ಸೆಲ್‌ಗಳೆಲ್ಲಾ ಮಲಗುತ್ತವೆ.

ಇನ್ನೊಂದು, ಅಡಿಕೆ ಬೇಯಿಸುವ ಒಲೆ ಪ್ಯಾನಲ್ ಹತ್ತಿರ ಇದೆಯಾ? ಹೊಗೆಯ ಜಿಡ್ಡು ಬರೀ ನೀರಿಗೆ ಹೋಗಲ್ಲ. ಬೆಳಿಗ್ಗೆ ಇಬ್ಬನಿ ಇರುವಾಗಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕಾದ ಮೇಲೆ ತಣ್ಣೀರು ಹುಯ್ಯಬೇಡಿ.

ಲೀಡ್ಸ್_ಗೌಡ್ರು

ನಿಮ್ಮ "9 ಯೂನಿಟ್ ಮಾತ್ರ" ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ! ನಾನಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ಏಳೋದೇ 13 ಡಿಗ್ರಿ, ಎದುರು ಮನೆ ಚಿಮಣಿ ದಾಟುವಷ್ಟರಲ್ಲಿ ಸಂಜೆ. 4 ಕಿಲೋವ್ಯಾಟ್‌ಗೆ ಹೋದ ಡಿಸೆಂಬರ್ ಪೂರ್ತಿ ತಿಂಗಳಿಗೆ 80 ಯೂನಿಟ್ ಬಂತು. ಜೂನ್‌ನಲ್ಲಿ 480. ಚಳಿಗಾಲದಲ್ಲಿ ನಮ್ಮ ಬ್ಯಾಟರಿಗೂ ಸೂರ್ಯನಿಗೂ ಸಂಬಂಧವೇ ಇಲ್ಲ, ರಾತ್ರಿ ಕರೆಂಟ್ ಅಗ್ಗ ಇರುವಾಗ ತುಂಬಿಸಿಕೊಂಡು ಹಗಲು ಖರ್ಚು ಮಾಡೋದು. ಬ್ಯಾಟರಿ ಗ್ಯಾರೇಜಿನಲ್ಲಿದೆ, ಅಲ್ಲಿ ಸೊನ್ನೆಗಿಂತ ಕೆಳಗೆ ಹೋದ ರಾತ್ರಿ ಅದು ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸುತ್ತದೆ. ಅದು ಕೆಟ್ಟದ್ದಲ್ಲ, ತನ್ನನ್ನು ತಾನು ಕಾಯ್ದುಕೊಳ್ಳೋದು.

ನಾನು ಕಲಿತದ್ದು ಇಷ್ಟು. ಡಿಸೆಂಬರನ್ನು ಏಪ್ರಿಲ್ ಜೊತೆ ಹೋಲಿಸಬೇಡಿ, ಮುಂದಿನ ವರ್ಷದ ಡಿಸೆಂಬರ್ ಜೊತೆ ಹೋಲಿಸಿ. ಆಪ್ ಕಂಪನಿ ಇವತ್ತಿರುತ್ತದೆ ನಾಳೆ ಇರಲ್ಲ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂಡೆ_ಒಲೆ

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಪಟ್ಟು ಹಿಡಿದು ಬರೆದೆ, ಈಗ ಸ್ವಲ್ಪ ನಾಚಿಕೆ ಆಗುತ್ತಿದೆ.

ಮೊದಲು ಪ್ಯಾನಲ್. ಪಿವಿಜಿಐಎಸ್ ಡಿಸೆಂಬರ್‌ಗೆ ದಿನಕ್ಕೆ 12ರ ಮೇಲೆ ಹೇಳುತ್ತದೆ. ಗ್ರಾಫ್ ನೋಡಿದರೆ ಮಧ್ಯಾಹ್ನ 2.7 ಕಿಲೋವ್ಯಾಟ್ ಮುಟ್ಟುತ್ತಿದೆ, ಏಪ್ರಿಲ್‌ಗಿಂತ ಚೂರು ಜಾಸ್ತಿಯೇ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂಮುಕ್ಕಾಲರ ತನಕ ಮಾತ್ರ ಹಲ್ಲು ಮುರಿದ ಬಾಚಣಿಗೆ. ಮಾರನೇ ದಿನ ಏಣಿ ಹಾಕಿ ಹತ್ತಿ ಕೂತೆ. ಕಾಳುಮೆಣಸು ಅವರು ಹೇಳಿದ್ದೇ, ಆಗ್ನೇಯಕ್ಕೆ ಎರಡು ಸಿಲ್ವರ್ ಓಕ್ ಮರ. ನೆರಳು ಒಂದು ಪ್ಯಾನಲ್‌ನಿಂದ ಇನ್ನೊಂದಕ್ಕೆ ನಿಧಾನಕ್ಕೆ ನಡೆದುಕೊಂಡು ಹೋಗುವುದನ್ನು ಕಣ್ಣಾರೆ ಕಂಡೆ. ಮಾರ್ಚ್‌ನಲ್ಲಿ ಈ ಮರಗಳು ಲೆಕ್ಕಕ್ಕೇ ಇರಲಿಲ್ಲ.

ಬ್ಯಾಟರಿ ಪರೀಕ್ಷೆಯನ್ನೂ ಮಾಡಿದೆ. 100ರಿಂದ 10ಕ್ಕೆ ಬರುವಾಗ 4.3 ಯೂನಿಟ್ ಕೊಟ್ಟಿತು. ವೋಲ್ಟ್_ಮಾಮ ಹೇಳಿದ ಪ್ರಕಾರ ಗಟ್ಟಿಮುಟ್ಟು. ಹಾಗಾದರೆ ರಾತ್ರಿ ತಿನ್ನುತ್ತಿರುವವರು ಯಾರು? ಫ್ರಿಜ್, ಲೈಟು, ವೈಫೈ, ಟಿವಿ ಎಲ್ಲಾ ಸೇರಿ ಒಂದೂಕಾಲು ಯೂನಿಟ್ ಕೂಡ ಆಗಲಿಲ್ಲ. ನಾನು ಪೆನ್ನು ಹಿಡಿದು ಕೂತಿದ್ದಾಗ ಅಮ್ಮ ಕೊಟ್ಟಿಗೆ ಕಡೆಯಿಂದ ಬಂದು "ಆ ಸುಲಿಯೋ ಮಷಿನ್ ಬರೆದ್ಯಾ?" ಅಂದರು.

ಅಡಿಕೆ ಸುಲಿಯುವ ಮಷಿನ್! ಒಂದು ಎಚ್‌ಪಿ ಮೋಟಾರು, ಸಂಜೆ ಆರೂವರೆಯಿಂದ ಒಂಬತ್ತರ ತನಕ, ಕೊಯ್ಲು ಶುರುವಾದಾಗಿನಿಂದ ದಿನವೂ. ಎರಡೂಕಾಲು ಯೂನಿಟ್ ಅದೇ ನುಂಗುತ್ತಿದೆ. ಏಪ್ರಿಲ್‌ನಲ್ಲಿ ಅದು ಮೂಲೆಯಲ್ಲಿ ಗೋಣಿ ಹೊದ್ದು ಮಲಗಿತ್ತು.

ವೋಲ್ಟ್_ಮಾಮ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇನ್ನೂ ಒಬ್ಬ ಇದ್ದಾನೆ, ಇನ್ವರ್ಟರ್. ಈ ಅಳತೆಯವು ಸುಮ್ನೆ ಆನ್ ಇದ್ದರೇ 60 ವ್ಯಾಟ್ ಆಸುಪಾಸು ತಿನ್ನುತ್ತವೆ. ಸಂಜೆಯಿಂದ ಬೆಳಿಗ್ಗೆ ತನಕ 14 ಗಂಟೆ ಅಂದರೆ 0.84 ಯೂನಿಟ್. ಬಹಳ ಆಪ್‌ಗಳಲ್ಲಿ ಇದು ಮನೆಯ ಖರ್ಚಿನಲ್ಲಿ ಕಾಣುವುದೇ ಇಲ್ಲ. ಮಷಿನ್, ಮನೆ, ಇನ್ವರ್ಟರ್ ಕೂಡಿಸಿ ನೋಡಿ. ಬೇಕಾದದ್ದು 4.3, ಬ್ಯಾಟರಿ ಪೂರ್ತಿ ತುಂಬಿದ್ದರೂ ಅಷ್ಟಕ್ಕಷ್ಟೇ. 85ರಿಂದ ಶುರುಮಾಡಿದರೆ ನಾಲ್ಕಕ್ಕೆ ಕಟ್ ಆಗದೆ ಇನ್ನೇನು?

ಸುಲಿಯೋದನ್ನು ಮಧ್ಯಾಹ್ನ ಹನ್ನೊಂದರಿಂದ ಎರಡರ ನಡುವೆ ಇಟ್ಟುಕೊಳ್ಳಲು ಆಗುತ್ತದಾ? ಆಗ ನೇರ ಪ್ಯಾನಲ್‌ನಿಂದಲೇ ಓಡುತ್ತದೆ.

ಕಾಳುಮೆಣಸು

ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೀರಾ? ಹಬ್ಬಿಸಿದ್ದರೆ ಈಗ ಕೈಹಾಕಬೇಡಿ, ಮೆಣಸು ಕೊಯ್ಲು ಮುಗಿಯಲಿ. ಮರಗಸಿ (ನೆರಳಿನ ಮರಗಳ ರೆಂಬೆ ಸವರೋದು) ಮಾಡುವವರು ಬಂದಾಗ ಆ ಎರಡು ಮರದ್ದು ಪಕ್ಕದ ರೆಂಬೆ ಸ್ವಲ್ಪ ಜೋರಾಗೇ ಸವರಿಸಿ. ಅಷ್ಟರಲ್ಲಿ ಸೂರ್ಯನೂ ಉತ್ತರಕ್ಕೆ ಬಂದಿರುತ್ತಾನೆ, ನೆರಳೇ ಇರಲ್ಲ. ಇಲ್ಲ ಅಂತ ಮರೆಯಬೇಡಿ ಅಷ್ಟೇ. ನಾನು ಮರೆತು ಇನ್ನೊಂದು ಡಿಸೆಂಬರ್ ಕಳಕೊಂಡೆ.

ಹಂಡೆ_ಒಲೆ

ಬಳ್ಳಿ ಇದೆ, ಒಂದೊಂದು ಮರದಲ್ಲಿ ಒಳ್ಳೇ ಫಸಲೂ ಇದೆ. ನಾಲ್ಕು ಯೂನಿಟ್‌ಗೆ ಮೆಣಸು ಬಿಡೋಕಾಗಲ್ಲ.

ಸುಲಿಯೋರು ಹಗಲೆಲ್ಲಾ ತೋಟದಲ್ಲಿರುತ್ತಾರೆ, ಸಂಜೆಯೇ ಅವರಿಗೆ ಬಿಡುವು. ಭಾನುವಾರ ಮತ್ತು ಇನ್ನೆರಡು ದಿನ ಮಧ್ಯಾಹ್ನಕ್ಕೆ ಒಪ್ಪಿಸಿದ್ದೇನೆ. ನಿನ್ನೆ ಹಾಗೆ ಮಾಡಿದ್ದಕ್ಕೆ ಇವತ್ತು ಬೆಳಿಗ್ಗೆ ಏಳಕ್ಕೆ ಬ್ಯಾಟರಿ 38 ಇತ್ತು. ಇನ್ನೊಂದು ಬ್ಯಾಟರಿ ಮಾತು ಸದ್ಯಕ್ಕೆ ಮುಗಿಯಿತು.

ಈಗಿನ ಯೋಚನೆ, ಪೂರ್ವದ ತುದಿಯ ಎರಡು ಪ್ಯಾನಲ್ ಬಿಚ್ಚಿ ಪಶ್ಚಿಮಕ್ಕೆ ಕೊಟ್ಟಿಗೆ ಶೀಟಿನ ಮೇಲೆ ಹಾಕಿದರೆ ಹೇಗೆ ಅಂತ. ಆರೂ ಒಂದೇ ಸ್ಟ್ರಿಂಗ್‌ನಲ್ಲಿ, ಅಂದರೆ ಒಂದಕ್ಕೊಂದು ಜೋಡಿಸಿದ ಒಂದೇ ಸಾಲಿನಲ್ಲಿವೆ, ಇನ್ವರ್ಟರ್‌ಗೆ ಎರಡನೇ ಎಂಪಿಪಿಟಿ (ಪ್ಯಾನಲ್ ಸಾಲು ಜೋಡಿಸುವ ಇನ್‌ಪುಟ್) ಖಾಲಿ ಇದೆ. ಆದರೆ ಎರಡೇ ಪ್ಯಾನಲ್‌ನ ವೋಲ್ಟೇಜ್ ಅದು ಎಬ್ಬಿಸೋಕೆ ಸಾಲುತ್ತದಾ? ಹಾಗೆ ಮಾಡಿದವರು ಯಾರಾದರೂ ಇದ್ದೀರಾ?