ದಿನಾ ನಸುಕಿನ್ಯಾಗ ಕಣ್ಮುಚ್ಚಿ ನನ್ನ ಅಂಗಡಿ ನೋಡ್ತೀನಿ, ಹಿಂಡಿ ಮಾತ್ರ ತಿಂಗಳಿಗೆ ಏಳು ಕೆಜಿನ

ಶೇಂಗಾಹಿಂಡಿ_ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ಸ್ವಲ್ಪ ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಾನು ಮನ್ಯಾಗ ಹಿಂಡಿ ಮಾಡಿ ಮಾರ್ತೀನಿ. ಶೇಂಗಾ, ಅಗಸಿ, ಗುರೆಳ್ಳು. ಬೆಂಗಳೂರು ಕಡೆಯವರು ಚಟ್ನಿಪುಡಿ ಅಂತ ಓದ್ಕೊಳ್ರಿ. ಚಾಲೂ ಮಾಡಿ ಎಂಟು ತಿಂಗಳಾತು. ಕಾಲು ಕೆಜಿ ಪಾಕೀಟಿಗೆ 100 ರೂಪಾಯಿ. ನಮ್ಮ ಓಣಿ, ಮಗಳ ಸಾಲಿ ವ್ಯಾನಿನ ತಾಯಂದಿರು, ನಮ್ಮನಿಯವರ ಆಫೀಸಿನ ಮೂರು ಮಂದಿ, ಇಷ್ಟ ನನ್ನ ಗಿರಾಕಿ. ತಿಂಗಳಿಗೆ ಆರೇಳು ಕೆಜಿ ಹೋಗ್ತೈತಿ. ಮೊದಲನೇ ತಿಂಗಳೂ ಆರೇಳು, ಈಗೂ ಆರೇಳು.

ಮೂರು ತಿಂಗಳ ಹಿಂದ ಎರಡು ದಿನದ ಒಂದು ಶಿಬಿರಕ್ಕ ಹೋಗಿದ್ದೆ. ಮನಸ್ಸಿನ ಶಕ್ತಿಯಿಂದ ವ್ಯಾಪಾರ ಬೆಳೆಸೂದು ಹೆಂಗ ಅಂತ. ಫೀ 4,999. ಅಲ್ಲಿ ಹೇಳಿಕೊಟ್ಟಿದ್ದು ಏನಂದ್ರ, ದಿನಾ ನಸುಕಿನ್ಯಾಗ ಇಪ್ಪತ್ತು ನಿಮಿಷ ಕಣ್ಮುಚ್ಚಿ ಕುಂತು, ನಿನ್ನ ಅಂಗಡಿ ಈಗಾಗಲೇ ಐತಿ ಅನ್ನೂ ಹಂಗ ನೋಡಬೇಕು. ಬೋರ್ಡು, ಬಣ್ಣ, ಗಲ್ಲಾ, ಗಿರಾಕಿ ಸಾಲು ಎಲ್ಲಾ. ನನ್ನ ಹೆಸರಿಗೆ ನಾನ ಹತ್ತು ಲಕ್ಷದ ಚೆಕ್ ಬರದು ದೇವರ ಮಾಡದಾಗ ಇಡಬೇಕು. ‘ನನ್ನ ಕಡೆ ಹಣ ಹರಿದು ಬರಾಕತ್ತೈತಿ’ ಅಂತ 21 ಸಲ ವಹಿಯೊಳಗ ಬರೀಬೇಕು. ಆಗೂದಿಲ್ಲ ಅನ್ನೂ ಮಂದಿ ಹತ್ರ ವ್ಯಾಪಾರದ ಮಾತ ಎತ್ತಬಾರದು.

ದೇವರಾಣೆ, ಒಂದು ದಿನಾನೂ ತಪ್ಪಿಸಿಲ್ರಿ. ನನ್ನ ಅಂಗಡಿ ನನಗ ಎಷ್ಟು ಚಂದ ಕಾಣ್ತೈತಿ ಅಂದ್ರ, ದುರ್ಗದಬೈಲಿನ ಮೂಲಿಮ್ಯಾಲ, ಹಸಿರು ಬಾಗಲಾ, ಒಳಗ ಗಾಜಿನ ಭರಣಿ ಸಾಲು. ತಕ್ಕಡಿ ಮುಂದ ಹುಡುಗಿ ಒಬ್ಬಾಕಿ ನಿಂತಿರ್ತಾಳ, ಆಕಿ ಬಳಿ ಸಪ್ಪಳಾ ಸುದ್ದಾ ಕೇಳ್ತೈತಿ. ಎದ್ದಾಗ ಮನಸ್ಸು ಹಗುರ ಆಗಿರ್ತೈತಿ.

ಆದ್ರ ಖರೇ ಹೇಳಿಬಿಡ್ತೀನಿ. ನಮ್ಮನಿಯಿಂದ ನಾಲ್ಕು ಹೆಜ್ಜಿ ಮ್ಯಾಲ ಒಂದು ದೊಡ್ಡ ಕಿರಾಣಿ ಅಂಗಡಿ ಐತಿ. ‘ನನ್ನ ಹಿಂಡಿ ಇಡ್ತೀರೇನ್ರಿ’ ಅಂತ ಅಲ್ಲಿ ಕೇಳಬೇಕಂತ ಆರು ತಿಂಗಳಿಂದ ಅನ್ಕೊಳ್ಳಾಕತ್ತೀನಿ. ಸಕ್ಕರಿ ತರ್ತೀನಿ, ಸಾಬಾನು ತರ್ತೀನಿ, ಬಾಯಿ ಮಾತ್ರ ತಗಿಯೂದಿಲ್ಲ. ಎರಡು ಸಲ ಚೀಲದಾಗ ಪಾಕೀಟು ಇಟ್ಕೊಂಡು ಹೋಗಿ, ಹಂಗ ವಾಪಸ್ ತಂದೀನಿ.

ಶಿಬಿರದವರಿಗೆ ಫೋನ್ ಮಾಡಿದ್ರ, ‘ನಿಮ್ಮ ಒಳಮನಸ್ಸಿನ್ಯಾಗ ದುಡ್ಡಿನ ಬಗ್ಗೆ ತಡೆ ಐತಿ, ಮುಂದಿನ ಹಂತದ ಶಿಬಿರಕ್ಕ ಬರ್ರಿ’ ಅಂದ್ರು. ಅದಕ್ಕ 18,000. ನಮ್ಮನಿಯವರು ಏನೂ ಅನ್ನಲಿಲ್ಲ, ಚೆಕ್ ನೋಡಿ ಸಣ್ಣಗ ನಕ್ಕರು ಅಷ್ಟ.

ನಾನು ಮಾಡೂದರಾಗ ತಪ್ಪೈತೇನು? ಇಲ್ಲಾ ಈ ಕಣ್ಮುಚ್ಚಿ ನೋಡೂದ ಸುಳ್ಳೇನು? ಆ ಇಪ್ಪತ್ತು ನಿಮಿಷ ಬಿಡಾಕ ನನಗ ಮನಸ್ಸಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಬೆಣ್ಣೆದೋಸೆ_ಪ್ರಿಯ

4,999ಕ್ಕೆ ಮೂವತ್ತು ಕೆಜಿ ಮೇಲೆ ಶೇಂಗಾ ಬರ್ತಿತ್ತು ಮೇಡಂ. 18,000 ಕೊಡೋಕೆ ಹೋಗ್ಬೇಡಿ. ಇಷ್ಟೇ ನಾನು ಹೇಳೋದು.

ಪಾಠದ_ಮೇಡಂ, ಮೈಸೂರು

ದುಡ್ಡಿನ ವಿಷಯದಲ್ಲಿ ಮೇಲಿನವರ ಮಾತೇ ನನ್ನದೂ. ಆದರೆ ಕಣ್ಮುಚ್ಚಿ ನೋಡೋದೆಲ್ಲ ಸುಳ್ಳು ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. ಮನಶ್ಶಾಸ್ತ್ರ ಪಾಠ ಮಾಡೋಳು, ಈ ವಿಷಯ ಪ್ರತಿ ವರ್ಷ ಹುಡುಗರ ಜೊತೆ ಜಗಳಕ್ಕೆ ಬರುತ್ತೆ. ಏನನ್ನು ನೋಡ್ತೀರಿ ಅನ್ನೋದರ ಮೇಲಿದೆ ಎಲ್ಲ.

ಲಿಯೆನ್ ಫಾಮ್, ಶೆಲ್ಲಿ ಟೇಲರ್ ಅಂತ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಮುಂಚೆ ಒಂದು ಗುಂಪು ದಿನಾ ತನಗೆ ಒಳ್ಳೇ ದರ್ಜೆ ಬಂದ ಹಾಗೆ ಕಲ್ಪಿಸಿಕೊಳ್ಳಬೇಕು. ಇನ್ನೊಂದು ಗುಂಪು ತಾನು ಪುಸ್ತಕ ತೆಗೆದು ಓದೋಕೆ ಕೂತ ಹಾಗೆ ಕಲ್ಪಿಸಿಕೊಳ್ಳಬೇಕು. ಓದೋದನ್ನ ನೋಡಿದವರು ನಿಜಕ್ಕೂ ಹೆಚ್ಚು ಓದಿದರು, ಅಂಕವೂ ಹೆಚ್ಚು ಬಂತು. ದರ್ಜೆ ನೋಡಿದವರಿಗೆ ಆ ಲಾಭ ಸಿಗಲಿಲ್ಲ.

ಗೇಬ್ರಿಯೆಲ್ ಎಟಿಂಗನ್ ಅನ್ನೋ ಮನಶ್ಶಾಸ್ತ್ರಜ್ಞೆ ಇದನ್ನೇ ದಶಕಗಳಿಂದ ಕೆದಕಿದ್ದಾರೆ. ತೂಕ ಇಳಿಸೋಕೆ ಸೇರಿದ್ದ ಹೆಂಗಸರ ಬಗ್ಗೆ 1991ರಲ್ಲಿ ಅವರದೊಂದು ಅಧ್ಯಯನ ಬಂತು. ‘ನನ್ನಿಂದ ಆಗುತ್ತೆ’ ಅಂತ ನಂಬಿದವರು ಹೆಚ್ಚು ಇಳಿಸಿದರು. ಸಣ್ಣಗಾದ ತಮ್ಮ ಚಿತ್ರವನ್ನ ಸೊಗಸಾಗಿ ಕನಸು ಕಂಡವರು ಕಡಿಮೆ ಇಳಿಸಿದರು. ನಂಬಿಕೆ ಬೇರೆ, ಕನಸಿನ ಸುಖ ಬೇರೆ. 2011ರಲ್ಲಿ ಹೆದರ್ ಕ್ಯಾಪೆಸ್ ಜೊತೆ ಸೇರಿ ಇನ್ನೊಂದು ಕಂಡುಕೊಂಡರು. ಬಯಸಿದ್ದು ಆಗೇ ಹೋಯ್ತು ಅಂತ ಕಲ್ಪಿಸಿಕೊಂಡಾಗ ರಕ್ತದೊತ್ತಡ ಇಳಿಯುತ್ತಂತೆ. ಮೈ ಸಡಿಲ ಬಿಡುತ್ತೆ, ಕೆಲಸ ಮುಗೀತಲ್ಲ, ಇನ್ನೇನು ಅಂತ. ‘ಎದ್ದಾಗ ಮನಸ್ಸು ಹಗುರ’ ಅಂದಿರಲ್ಲ, ಅದನ್ನ ಓದಿದಾಗ ನನಗೆ ಇದೇ ನೆನಪಾಯ್ತು. ಅಂಗಡಿಗೆ ಹೋಗೋಕೆ ಬೇಕಾದ ಆ ಚೂರು ಕಸಿವಿಸಿ ಕೂಡ ಹಗುರಾಗಿ ಹೋಗ್ತಿದೆಯೇನೋ.

ಲಿಜ್ಜತ್ ಪಾಪಡ್ ಕಥೆ ಇಂಥ ಶಿಬಿರಗಳಲ್ಲಿ ಹೇಳೇ ಹೇಳ್ತಾರೆ. 1959ರ ಮಾರ್ಚ್ 15, ಮುಂಬಯಿಯ ಗಿರ್‌ಗಾಂವ್, ಏಳು ಜನ ಹೆಂಗಸರು, 80 ರೂಪಾಯಿ ಸಾಲ. ಆಮೇಲೆ ನೇರ ಕೋಟಿಗಳಿಗೆ ಹಾರ್ತಾರೆ! ಮೊದಲ ದಿನ ಮಾಡಿದ್ದು ನಾಲ್ಕೇ ಪಾಕೀಟು ಅನ್ನೋದನ್ನ ಯಾರೂ ಹೇಳಲ್ಲ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತುಹೋಗಿತ್ತು. ಮುಂದಿನ ಮಳೆಗಾಲಕ್ಕೆ ಒಂದು ಮಂಚ, ಒಂದು ಒಲೆ ತಂದರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ನನ್ನನ್ನ ಕೇಳಿದರೆ ಇಡೀ ಕಥೆಯಲ್ಲಿ ಕಣ್ಮುಚ್ಚಿ ನೋಡಬೇಕಾದ ಚಿತ್ರ ಆ ಮಂಚ.

ಕೌಂಟರ್_ಈಚೆ_ಕಡೆ, ತಿಪಟೂರು

ನಾನು ದಿನಸಿ ಅಂಗಡಿ ಇಟ್ಟಿರೋನು. ನಿಮ್ಮಂಥ ಅಮ್ಮಂದಿರು ತಿಂಗಳಿಗೆ ಒಬ್ಬರಾದ್ರೂ ಬರ್ತಾರೆ. ನೀವು ಹೆದರೋ ಅಷ್ಟು ಕೆಟ್ಟವರಲ್ಲ ನಾವು, ಸ್ವಲ್ಪ ಒರಟು ಅಷ್ಟೆ.

ತಿಂಗಳ ಮೊದಲ ವಾರ ಬರಬೇಡಿ, ಸಂಜೆ ಬರಬೇಡಿ. ಬೆಳಿಗ್ಗೆ ಹನ್ನೊಂದು ಹನ್ನೆರಡರ ಸುಮಾರಿಗೆ ಬನ್ನಿ. ಮೊದಲ ಸಲ ದುಡ್ಡು ಕೊಟ್ಟು ಯಾರೂ ತಗೊಳ್ಳಲ್ಲ, ಹೋದ್ರೆ ದುಡ್ಡು, ಹೋಗದಿದ್ರೆ ವಾಪಸ್ಸು ಅಂತೀವಿ. ಅದಕ್ಕೆ ಬೇಜಾರಾಗಬೇಡಿ. ಪಾಕೀಟಿನ ಮೇಲೆ ಮಾಡಿದ ತಾರೀಖು, ಎಷ್ಟು ದಿನ ಬರುತ್ತೆ, ತೂಕ, ಎಂಆರ್‌ಪಿ, ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) 14 ಅಂಕಿ ನಂಬರು ಇರಬೇಕು. ನಂಬರಿಲ್ಲದ ತಿಂಡಿ ಇಟ್ಟರೆ ನಮಗೆ ತೊಂದರೆ. ಸಣ್ಣವರಿಗೆ ನೋಂದಣಿ ಸಾಕು. ನಮ್ಮ ಮನೆಯವರ ಹೆಸರಲ್ಲಿ ಹುಳಿಪುಡಿಗೆ ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ ಕಟ್ಟಿದ್ದು.

ಇನ್ನು ಲೆಕ್ಕ. ನಿಮ್ಮ ಕೆಜಿ 400. ನಾವು ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಕೇಳ್ತೀವಿ. ನಿಮ್ಮ ಕೈಗೆ 300, ಹೆಚ್ಚಂದ್ರೆ 320. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕವರು, ಗ್ಯಾಸು, ಕರೆಂಟು, ನಿಮ್ಮ ಕೂಲಿ ಎಲ್ಲ ಅದರಲ್ಲೇ. ಹುರಿದು ಸಿಪ್ಪೆ ತೆಗೆದ ಮೇಲೆ ಶೇಂಗಾ ತೂಕ ಇಳಿಯುತ್ತೆ, ಅದನ್ನೂ ಹಿಡೀರಿ. ಬಹಳ ಜನ ಓಣಿ ರೇಟಲ್ಲೇ ಅಂಗಡಿಗೂ ಬಂದು, ಆಮೇಲೆ ನಷ್ಟ ಅಂತ ನಿಲ್ಲಿಸ್ತಾರೆ.

ಅಗಸೆ ತರಬೇಡಿ ಮೊದಲಿಗೆ. ಎಣ್ಣೆ ಕಾಳು, ಪುಡಿ ಮಾಡಿದ ಮೇಲೆ ಬೇಗ ಕಮಟು ಬರುತ್ತೆ. ನಮ್ಮ ರ‍್ಯಾಕಲ್ಲಿ ಎಷ್ಟು ದಿನ ಕೂರುತ್ತೋ ಗೊತ್ತಿಲ್ಲ. ಒಂದು ಪಾಕೀಟು ಕಮಟಾದ್ರೆ ಗಿರಾಕಿ ನಿಮ್ಮ ಶೇಂಗಾನೂ ಮುಟ್ಟಲ್ಲ.

ರೊಟ್ಟಿಅಕ್ಕ_ವಿಜಯಪುರ

ತಂಗಿ, ನಿನ್ನ ಕಥಿ ಓದಿ ನನಗ ನಗು ಬರಲಿಲ್ಲ ನೋಡವಾ. ಹನ್ನೊಂದು ವರ್ಷದಿಂದ ರೊಟ್ಟಿ ಬಡೀತೀನಿ. ಮೊದಲ ಒಬ್ಬಾಕಿ ಇದ್ದೆ, ಈಗ ಐದು ಮಂದಿ ಇದ್ದೀವಿ.

ನಾನೂ ಕಣ್ಣ ಮುಚ್ಚತೀನಿ. ನಸುಕಿನ್ಯಾಗ ಅಲ್ಲ, ರಾತ್ರಿ, ಹಾಸಿಗಿ ಮ್ಯಾಲ. ನಾಳಿನ ದಿನ ಒಂದ ಸಲ ಓಡಸ್ತೀನಿ. ನಾಲ್ಕೂವರಿಗೆ ಎದ್ದೆ, ಎಸರು ಇಟ್ಟೆ, ಹಿಟ್ಟಿನ ಡಬ್ಬಿ ಮುಚ್ಚಳ ತಗದೆ, ಬುಟ್ಟಿಗೆ ಹಾಕಿದೆ. ಅಲ್ಲೇ ಒಮ್ಮೊಮ್ಮೆ ತಟ್ಟನ ಗೊತ್ತಾಗ್ತದ, ಅಯ್ಯ, ಹಿಟ್ಟು ಸಾಲಂಗಿಲ್ಲ ಅಂತ. ಎದ್ದು ಹೋಗಿ ನೋಡಿದ್ರ ಖರೇನ ತಳಾ ಕಾಣತಿರ್ತದ. ಇದನ್ನ ನನಗ ಯಾರೂ ಕಲಿಸಿಲ್ಲ. ಪೆಟ್ಟು ತಿಂದು ಕಲತೀನಿ.

ಮೊದಲನೇ ವರ್ಷ ಒಂದ ಮದವಿಗೆ 500 ಕಟಕ ರೊಟ್ಟಿ ಒಪ್ಪಕೊಂಡೆ. ಆ ವಾರ ಪೂರಾ ನನ್ನ ಕಣ್ಣಿನ್ಯಾಗ ನೋಟಿನ ಕಂತಿ. ಮಗಗ ಸೈಕಲ್ ಕೊಡಿಸಿದೆ, ತವರಮನಿಗೆ ಸೀರಿ ಉಟಗೊಂಡು ಹೋದೆ, ಎಲ್ಲಾ ಮನಸ್ಸಿನ್ಯಾಗ. ಹಿಟ್ಟು ಬೀಸಿಸೂದು ಮಾತ್ರ ಹಿಂದಿನ ದಿನಕ್ಕ ಇಟ್ಟಿದ್ದೆ. ಅವತ್ತ ಗಿರಣಿಗೆ ಕರೆಂಟ್ ಇಲ್ಲ. ಸಂಜಿತನಾ ಕುಂತೆ, ಬರಲಿಲ್ಲ. ಮನ್ಯಾಗಿನ ಹಳೇ ಹಿಟ್ಟು ತಗದೆ, ಜಿಗಿನೇ ಇಲ್ಲ ಅದಕ್ಕ. ಬಡದ್ರ ಅಂಚು ಸೀಳತಾವ, ಎತ್ತಿದ್ರ ನಡುವ ಮುರೀತಾವ. ಬೆಳಗಾಗೂತನಾ ಬಡದು 310 ಒಯ್ದು ಕೊಟ್ಟೆ. ಆ ಮನಿ ಹಿರೇರು ನನಗ ಬೈಲಿಲ್ಲ ತಂಗಿ. ನನ್ನ ಮುಂದ ಕುಂತು ಎಣಿಸಿದ್ರು, ಜೋರಾಗಿ, ಒಂದೊಂದ. ಮುನ್ನೂರ ಹತ್ತಕ್ಕ ಬಂದು ಸುಮ್ಮನಾದ್ರು. ಆ ಸುಮ್ಮನಾದದ್ದು ಇನ್ನೂ ಕಿವ್ಯಾಗ ಅದ.

ಅವತ್ತಿನಿಂದ ದೊಡ್ಡ ಆರ್ಡರ್ ಬಂತಂದ್ರ ಕಣ್ಣ ಮುಚ್ಚಿ ಮೊದಲ ಕರೆಂಟ್ ತಗೀತೀನಿ. ಗಿರಣಿ ಬಂದ್. ಈಗೇನ ಮಾಡ್ತಿ? ಆಮ್ಯಾಲ ಒಬ್ಬಾಕಿನ್ನ ಜಡ್ಡಿಗೆ ಹಚ್ಚತೀನಿ. ಆಕಿ ಬರಲಿಲ್ಲ, ಈಗೇನ ಮಾಡ್ತಿ? ಸಿಲಿಂಡರ್ ಖಾಲಿ ಮಾಡ್ತೀನಿ. ನಮ್ಮ ಗೌರಿ ನನ್ನ ಬಾಜೂಕ ಕುಂತು ಬಡೀತಾಳ, ಆಕಿ ಅಂತಾಳ, ‘ಅಕ್ಕಾ, ಇದು ಅಪಶಕುನ.’ ಆದ್ರ ಹೋದ ಶ್ರಾವಣದಾಗ 1,000 ರೊಟ್ಟಿ ಐದೂ ಮಂದಿ ಕೂಡಿ ಆರು ತಾಸಿನ್ಯಾಗ ಮುಗಿಸೀವಿ. ಹಿಟ್ಟು ಎರಡು ದಿನ ಮೊದಲ ಬೀಸಿಸಿ ಇಟ್ಟಿದ್ದೆ, ಅದಕ್ಕ.

ನೀ ಆ ಇಪ್ಪತ್ತು ನಿಮಿಷ ಬಿಡಬ್ಯಾಡ. ಹೆಣ್ಣಮಕ್ಕಳಿಗೆ ಮನ್ಯಾಗ ಇಪ್ಪತ್ತು ನಿಮಿಷ ಕುಂದ್ರಾಕ ಯಾರ ಕೊಡ್ತಾರ, ಸಿಕ್ಕದ್ದ ಬಿಟ್ಟೀಯಾ. ಆದ್ರ ಹಸಿರು ಬಾಗಲಾ ಬಿಟ್ಟು ಆ ಕಿರಾಣಿಯವನ ಅಂಗಡಿಗೆ ಹೋಗು. ಅವ ಫೋನ್‌ನ್ಯಾಗ ಇದ್ದಾನ, ನಿನ್ನ ಮಾರಿ ನೋಡವಲ್ಲ. ಹಿಂದ ಯಾರೋ ಅರ್ಧ ಕಿಲೋ ರವಾ ಅಂತ ಒದರಾಕತ್ತಾರ. ಆವಾಗ ಬಾಯಿ ತಗಿ. ‘ಬ್ಯಾಡ್ರಿ’ ಅಂದ. ಮತ್ತ ಏನಂತಿ? ಅದನ್ನ ಬಾಯಿಬಿಟ್ಟು ಅನ್ನು, ಮನಸ್ಸಿನ್ಯಾಗ ಅಲ್ಲ. ಮಗಳನ್ನ ಶೆಟ್ಟರ ಮಾಡಿ ಕುಂದ್ರಿಸು.

ಆ ಚೆಕ್ಕೂ ಹರಿಬ್ಯಾಡವಾ. ಹಿಂದಿನ ಬಾಜು ಖಾಲಿ ಇರ್ತದಲ್ಲ, ಗ್ಯಾಸಿನ ಲೆಕ್ಕ ಬರಿ.

ಶೇಂಗಾಹಿಂಡಿ_ಹುಬ್ಬಳ್ಳಿ (ಮೂರು ವಾರದ ಮ್ಯಾಲ)

ಅಕ್ಕಾರ, ಶೆಟ್ಟರ, ಮೇಡಂ, ಎಲ್ಲಾರಿಗೂ ಶರಣ್ರಿ. ನೋಂದಣಿ ನಂಬರ್ ಬಂತು, ಲೇಬಲ್ ಮಾಡಿಸಿದೆ, ಮೊನ್ನೆ ಬುಧವಾರ ಹನ್ನೊಂದೂವರಿಗೆ ಹೋದೆ.

ಅದಕ್ಕೂ ಮೊದಲ ಎಂಟು ದಿನ ಮಗಳು ಶೆಟ್ಟರು. ಆಕಿಗೆ ಹತ್ತು ವರ್ಷ. ಟೇಬಲ್ ಹಿಂದ ಕುಂತು ಅಪ್ಪನ ಕನ್ನಡಕ ಹಾಕ್ಕೊಂಡು ‘ಬ್ಯಾಡ, ಮುಂದ ಹೋಗ್ರಿ’ ಅಂತಿದ್ಲು. ಒಂದಿನ ‘ನಿಮ್ಮ ಹಿಂಡಿ ಯಾರು ತಿಂತಾರ’ ಅಂದ್ಲು, ಆಟ ಅಂತ ಗೊತ್ತಿದ್ರೂ ಕಣ್ಣಾಗ ನೀರ ಬಂತು. ಮರುದಿನ ಅದಕ್ಕೂ ಉತ್ತರ ಹುಡುಕಿದೆ. ‘ಒಂದು ಚಿಟಿಕಿ ಬಾಯಾಗ ಹಾಕ್ಕೊಂಡು ಹೇಳ್ರಿ’ ಅನ್ನೂದು. ಐದು ತರದ ‘ಬ್ಯಾಡ’ಕ್ಕ ಐದು ಉತ್ತರ ಬಾಯಿಪಾಠ ಆತು.

ಅಂಗಡಿಯವರು ಖರೇನ ಫೋನ್‌ನ್ಯಾಗ ಇದ್ದರು. ಅಕ್ಕಾರ ನೆನಪಾಗಿ ನಗು ಬಂತು, ಅದರಿಂದ ಧೈರ್ಯನೂ ಬಂತು. ಪಾಕೀಟು ಕೌಂಟರ್ ಮ್ಯಾಲ ಇಟ್ಟೆ. ಅವರು ಫೋನ್ ಇಳಿಸದ ಪಾಕೀಟು ತಿರುಗಿಸಿ ತಾರೀಖು ನೋಡಿದ್ರು, ನಂಬರ್ ನೋಡಿದ್ರು, ಒಡದು ಅಂಗೈ ಮ್ಯಾಲ ಹಾಕ್ಕೊಂಡು ನೆಕ್ಕಿದ್ರು. ‘ಬಳ್ಳೊಳ್ಳಿ ಛಲೋ ಹಾಕೀರಿ’ ಅಂದ್ರು. ಆಮ್ಯಾಲ, ‘ಸೋಮವಾರ ನಲವತ್ತು ಪಾಕೀಟು ಕಳಸ್ರಿ, ಪಿಜಿ ಹುಡುಗೂರು ಕೇಳ್ತಿರ್ತಾರ. ಅಗಸಿ ಬ್ಯಾಡ.’

ನಾನು ಕಂಬದಂಗ ನಿಂತೆ. ‘ಹೂಂ’ ಅಂದ್ರ ಏನ ಮಾಡಬೇಕಂತ ಒಂದು ದಿನಾನೂ ನೋಡಿರಲಿಲ್ರಿ! ನಲವತ್ತು ಪಾಕೀಟು ಅಂದ್ರ ಹತ್ತು ಕೆಜಿ, ನನ್ನ ಒಂದೂವರಿ ತಿಂಗಳದ್ದು. ಇರೂದು ಒಂದು ಮನಿ ಮಿಕ್ಸರ್, ಅದೂ ಮೂರನೇ ಸುತ್ತಿಗೆ ಬಿಸಿಯಾಗಿ ಸುಟ್ಟ ವಾಸನಿ ಬರ್ತೈತಿ. ಕಡಿಗೆ ‘ಇಪ್ಪತ್ತು ಕೊಡ್ತೀನ್ರಿ ಮೊದಲ’ ಅಂದೆ. ಅವರು ಅರ್ಧ ಕೇಳಿಸ್ಕೊಂಡು, ಆಗಲಿ ಅನ್ನೂ ಹಂಗ ಕೈ ಮಾಡಿದ್ರು. ನೂರಕ್ಕ ಇಪ್ಪತ್ತೆರಡು ಅವರದು.

ರಾತ್ರಿ ಹಾಸಿಗಿ ಮ್ಯಾಲ ಸೋಮವಾರ ಓಡಿಸಿದೆ. ಶೇಂಗಾ ಹುರಿಯೂದು, ಆರಾಕ ಹಾಕೂದು ಎಲ್ಲಾ ಆತು, ಪಾಕೀಟು ಮುಚ್ಚೂದಕ್ಕ ಬಂದು ನಿಂತ್ಕೊಂಡೆ. ಇಲ್ಲಿತನಕ ಮೇಣಬತ್ತಿ ಹಚ್ಚಿ ಮುಚ್ಚತಿದ್ದೆ, ಇಪ್ಪತ್ತಕ್ಕ ಅದು ಆಗೂ ಮಾತಲ್ಲ. ಕೈಯಿಂದ ಒತ್ತೂ ಸೀಲಿಂಗ್ ಮಷಿನ್ ಎಂಟು ಇಂಚಿಂದು ಸಾಕೇನ್ರಿ ಶೆಟ್ಟರ, ಹನ್ನೆರಡು ಇಂಚಿಂದ ತಗೋಬೇಕೇನು?

ಕೌಂಟರ್_ಈಚೆ_ಕಡೆ, ತಿಪಟೂರು

ಕಾಲು ಕೆಜಿ ಕವರಿಗೆ ಎಂಟೇ ಸಾಕಮ್ಮ. ಸೀಲ್ ಮಾಡೋ ಜಾಗಕ್ಕೆ ಹಿಂಡಿ ಪುಡಿ ಅಂಟಿರಬಾರದು, ಒಣ ಬಟ್ಟೇಲಿ ಒರೆಸಿ ಒತ್ತಿ, ಇಲ್ಲಾಂದ್ರೆ ಎರಡು ದಿನಕ್ಕೆ ಬಾಯಿ ಬಿಡುತ್ತೆ. ಬಿಸಿ ಇರೋವಾಗ ತುಂಬಬೇಡಿ.